ಹಾಡು, ಕುಣಿತ, ಸಂಜ್ಞಾ ಭಾಷೆ: ಮೂರನ್ನೂ ರಂಗಕ್ಕೆ ತರುವ ಬಗೆ

ಗುಬ್ಬಿ ವೀರಣ್ಣನವರ ತುಮಕೂರು ಜಿಲ್ಲೆಯಲ್ಲಿ ಹಾಡಿ ಕುಣಿಯಬಲ್ಲ ನಟರಿಗೆ ಬರವಿಲ್ಲ. ಅದೇ ಹಾಡನ್ನು ಕಿವಿ ಕೇಳದ ಪ್ರೇಕ್ಷಕರಿಗೂ ತಲುಪಿಸಬಲ್ಲವರು ಮಾತ್ರ ವಿರಳ. ಈ ವೃತ್ತಿಗೆ ಇಳಿಯಬಯಸುವವರು ಮೊದಲು ಸಂಜ್ಞಾ ಭಾಷೆಯನ್ನೇ ಹಿಡಿಯಬೇಕು. ಭರತನಾಟ್ಯದ ಹಸ್ತಮುದ್ರೆ ಬಂದರೆ ಅರ್ಧ ಕಲಿತಂತೆ ಎಂಬ ಭ್ರಮೆ ಬೇಡ, ಏಕೆಂದರೆ ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ಪದಗಳೂ ವ್ಯಾಕರಣವೂ ಇವೆ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2021ರಲ್ಲಿ 10,000 ಪದಗಳಿಗೆ ವಿಸ್ತರಿಸಿದ ವಿಡಿಯೊ ನಿಘಂಟು ಉಪಯುಕ್ತ. ಆದರೂ ಊರಿನ ಕಿವುಡರೊಡನೆ ಒಡನಾಡದೆ ಕೈಗೆ ಸರಾಗತೆ ಬಾರದು.

ಬಳಿಕ ಹಾಡನ್ನು ಪದಕ್ಕೆ ಪದವಾಗಿ ಅಲ್ಲದೆ ಭಾವಾರ್ಥದಿಂದ ಸಂಜ್ಞೆಗೆ ತನ್ನಿ. ‘ನೀನು ಎಲ್ಲಿಗೆ ಹೋಗುವೆ’ ಎಂಬ ಸಾಲು ಸಂಜ್ಞೆಯಲ್ಲಿ ‘ನೀನು, ಹೋಗು, ಎಲ್ಲಿ’ ಎಂದಾಗುತ್ತದೆ. ಪ್ರಶ್ನೆಯ ಸಂಜ್ಞೆ ಕೊನೆಗೆ ಬರುತ್ತದೆ, ಹುಬ್ಬೂ ತಲೆಯ ಭಂಗಿಯೂ ಅದರ ಜೊತೆಗೇ ಪ್ರಶ್ನಿಸಬೇಕು. ಅದೇ ಗಳಿಗೆಯಲ್ಲಿ ನರ್ತಕಿ ಶೃಂಗಾರದ ನಗೆ ಬೀರಿದರೆ ಪ್ರಶ್ನೆಯೇ ಕಳೆದುಹೋಗುತ್ತದೆ. ಆದ್ದರಿಂದ ಸಾಹಿತ್ಯ ಇರುವಲ್ಲಿ ಕೈ, ಮುಖಗಳನ್ನು ಸಂಜ್ಞೆಗೆ ಬಿಟ್ಟುಕೊಟ್ಟು ತಾಳವನ್ನು ಕಾಲಿಗೆ ಒಪ್ಪಿಸಿ, ವಾದ್ಯ ಮಾತ್ರ ನುಡಿಯುವಾಗ ಮೈತುಂಬ ಕುಣಿಯಬಹುದು. ಸಂಜ್ಞೆಯ ನಡುವೆ ಸುತ್ತು ಹಾಕುವುದಾಗಲಿ, ಸಭೆಗೆ ಬೆನ್ನು ಮಾಡುವುದಾಗಲಿ ಸಲ್ಲದು.

ಉಡುಪು ಮೈಬಣ್ಣಕ್ಕೆ ಎದ್ದು ಕಾಣುವಂತಹ ಒಂದೇ ಬಣ್ಣದ್ದಾಗಿರಲಿ. ಮೂಡಲಪಾಯ ಯಕ್ಷಗಾನದ ಭುಜಕೀರ್ತಿ, ಎದೆಹಾರಗಳು ನೋಡಲು ಎಷ್ಟೇ ಚೆಂದವಾದರೂ ಅವುಗಳ ಮುಂದೆ ಬೆರಳುಗಳ ಚಲನೆ ಕಾಣುವುದು ಕಷ್ಟ. ಕೆಂಪು, ನೀಲಿ ದೀಪಗಳ ಆಸೆಯನ್ನೂ ಬಿಡಬೇಕು. ಮುಖಕ್ಕೂ ಕೈಗಳಿಗೂ ಬಿಳಿ ಬೆಳಕು ಸಮನಾಗಿ ಬೀಳಬೇಕು.

ಪ್ರದರ್ಶನಕ್ಕೆ ಮುನ್ನ ಧ್ವನಿಯಿಲ್ಲದ ವಿಡಿಯೊವನ್ನು ಕಿವುಡ ಸ್ನೇಹಿತರಿಗೆ ತೋರಿಸಿ, ಕಥೆಯನ್ನು ಅವರಿಂದಲೇ ಮರಳಿ ಹೇಳಿಸಿಕೊಂಡು, ಅವರಿಗೆ ದಕ್ಕದ ಸಾಲುಗಳನ್ನು ತಿದ್ದಿ. ಈ ಸಲಹೆಗೆ ಸಂಭಾವನೆ ಕೊಡುವುದು ನ್ಯಾಯ.

ಕಿವುಡರ ಪಾತ್ರವನ್ನು ಕಿವಿ ಕೇಳುವ ನಟರು ಆಕ್ರಮಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ಡೆಫ್ ವೆಸ್ಟ್ ಥಿಯೇಟರ್ 2015ರಲ್ಲಿ ನ್ಯೂಯಾರ್ಕಿನ ರಂಗಕೇಂದ್ರವಾದ ಬ್ರಾಡ್‌ವೇಗೆ ತಂದ ಸಂಗೀತ ನಾಟಕದಲ್ಲಿ ಕಿವುಡ ನಟರು ಸಂಜ್ಞೆಯಲ್ಲಿ ಅಭಿನಯಿಸಿದರೆ, ಅವರ ಧ್ವನಿಯಾಗಿ ಬೇರೆಯವರು ಹಾಡಿದರು. ತುಮಕೂರಿನ ಹವ್ಯಾಸಿ ತಂಡವೂ ಹೀಗೆ ಜೋಡಿ ಕಟ್ಟಬಹುದು. ಆಗ ಕಿವುಡ ಪ್ರೇಕ್ಷಕರಿಗೆ ರಂಗ ನೇರವಾಗಿ ಕಾಣುವ ಮುಂದಿನ ಸಾಲುಗಳನ್ನು ಕಾದಿರಿಸಿ, ಆ ವಿಷಯವನ್ನು ಕರಪತ್ರದಲ್ಲಿಯೇ ಮುದ್ರಿಸಬೇಕು.