ಪೆರಿ ಮೇಸನ್‌ನನ್ನು ನೋಟುಪುಸ್ತಕ ಹಿಡಿದು ಓದಿದ ನನ್ನ ಅನುಭವ

ಪೆರಿ ಮೇಸನ್ ಎಂದರೆ ಅಮೆರಿಕದ ಲೇಖಕ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ ಅವರ ಪತ್ತೇದಾರಿ ಕಾದಂಬರಿಗಳ ನಾಯಕ, ಕೊಲೆ ಆರೋಪಿಗಳ ಪರ ವಾದಿಸುವ ವಕೀಲ. ಪತ್ತೇದಾರಿ ಕಾದಂಬರಿಗೆ ನೋಟುಪುಸ್ತಕ ಹಿಡಿದು ಕುಳಿತರೆ ಓದಿನ ಸುಖವೇ ಹಾರಿಹೋಗುತ್ತದೆ ಎಂದು ನಮ್ಮ ವಕೀಲ ಮಿತ್ರರು ಎರಡು ವರ್ಷ ಗೇಲಿ ಮಾಡಿದರು. ಈಗ ಅವರಲ್ಲೇ ಇಬ್ಬರು ಆ ನೋಟುಪುಸ್ತಕವನ್ನು ಎರವಲು ಕೇಳಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೊದಲ ತಪ್ಪೆಂದರೆ ಪ್ರಕಟಣೆಯ ಕ್ರಮದಲ್ಲಿ ಓದಲು ಹೊರಟಿದ್ದು. 1933ರ ಮೊದಲ ಕಾದಂಬರಿಯಲ್ಲಿ ಮೇಸನ್ ಊರೆಲ್ಲ ಅಲೆಯುತ್ತಾನೆ, ಆದರೆ ನ್ಯಾಯಾಲಯದ ಕಲಾಪವೇ ಇಲ್ಲ. ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಪಾಟೀ ಸವಾಲಿಗೆಂದೇ ಕಾದಿದ್ದ ನನಗೆ ಮದುವೆಮನೆಗೆ ಹೋಗಿ ಉಣ್ಣದೆ ಬಂದಂತಾಯಿತು. ಎರಡನೆಯ ತಪ್ಪಿಗೆ ದುಡ್ಡು ತೆತ್ತೆ. 80ಕ್ಕೂ ಮಿಕ್ಕ ಈ ಕಾದಂಬರಿಗಳ ಹೆಸರುಗಳೆಲ್ಲ ‘ದಿ ಕೇಸ್ ಆಫ್’ ಎಂದೇ ಶುರುವಾಗುವುದರಿಂದ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಮುಖಪುಟ ಬೇರೆಯಿದೆ ಎಂಬ ಒಂದೇ ಕಾರಣಕ್ಕೆ ಓದಿದ್ದನ್ನೇ ಮತ್ತೆ ಕೊಂಡೆ. ಹಾಗೆ ಬಂದು ಸೇರಿದ ಪ್ರತಿಗಳು ಎಂಟೋ ಒಂಬತ್ತೋ. ನಷ್ಟ ಹತ್ತಿರ ಹತ್ತಿರ 500 ರೂಪಾಯಿ.

ಆಮೇಲೆ ನೋಟುಪುಸ್ತಕ ಬಂತು. ಕೊಲೆಯಾದ ಪುಟದಿಂದಲೇ ಯಾರು, ಎಷ್ಟು ಹೊತ್ತಿಗೆ, ಏನು ಕಂಡರು ಎಂದು ಬರೆದುಕೊಂಡು, ನ್ಯಾಯಾಧೀಶರು ವಿರಾಮಕ್ಕೆ ಎದ್ದೊಡನೆ ಪುಸ್ತಕ ಮುಚ್ಚಿ, ಮುಂದಿನ ಸಾಕ್ಷಿಗೆ ನಾನೇ ಮೂರು ಪ್ರಶ್ನೆಗಳನ್ನು ಸಿದ್ಧಪಡಿಸುತ್ತೇನೆ. ಈ ಕಾದಂಬರಿಗಳಲ್ಲಿ ಬಹುಪಾಲು ನಡೆಯುವುದು ಜ್ಯೂರಿಯಿಲ್ಲದ, ಅಂದರೆ ತೀರ್ಪು ಹೇಳುವ ನಾಗರಿಕರ ಮಂಡಳಿಯಿಲ್ಲದ, ಪ್ರಾಥಮಿಕ ವಿಚಾರಣೆ. ಆರೋಪಿಯನ್ನು ಮುಂದಿನ ವಿಚಾರಣೆಗೆ ಒಪ್ಪಿಸುವಷ್ಟು ಸಾಕ್ಷ್ಯವನ್ನು ಸರ್ಕಾರಿ ವಕೀಲ ಹ್ಯಾಮಿಲ್ಟನ್ ಬರ್ಗರ್ ತೋರಿಸಿದರೆ ಸಾಕು. ಆದ್ದರಿಂದ ಮೇಸನ್ ತನ್ನ ಕಡೆಯ ಸಾಕ್ಷಿಗಳನ್ನು ಕರೆಯುವ ಮೊದಲೇ ಬರ್ಗರನ ಸಾಕ್ಷಿಗಳಿಂದ ಬಾಯಿ ಬಿಡಿಸಬೇಕಾಗುತ್ತದೆ, ನನ್ನ ಪ್ರಶ್ನೆಗಳೂ ಅವರಿಗೇ ಮೀಸಲು. ಅವರಲ್ಲಿ ಯಾರನ್ನು ಮೊದಲು ಶಂಕಿಸಬೇಕೆಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಆ ಇಬ್ಬರು ಮಿತ್ರರಿಗೂ ಹೇಳಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಲೇಖಕ ಗಾರ್ಡ್ನರ್ ಸ್ವತಃ ಕ್ಯಾಲಿಫೋರ್ನಿಯಾದಲ್ಲಿ ವಕೀಲಿ ಮಾಡಿದವರು, ಕಾದಂಬರಿಗಳನ್ನು ಬಾಯಲ್ಲಿ ಹೇಳಿ ಬರೆಸುತ್ತಿದ್ದವರು. ಹಾಗಿದ್ದರೆ ಕಲಾಪದ ಅಧ್ಯಾಯಗಳನ್ನು ಗಟ್ಟಿಯಾಗಿಯೇ ಓದಬೇಕೆಂದು ಕಿರಿಯ ವಕೀಲನೊಬ್ಬನಿಗೆ ಬರ್ಗರನ ಪಾತ್ರ ವಹಿಸಿದೆ. ಅವನು ‘ಆಕ್ಷೇಪಣೆ ಇದೆ’ ಎಂದು ಕೂಗಿದ್ದಕ್ಕೆ ಪಕ್ಕದ ಮನೆಯವರು ಓಡಿಬಂದರು, ಪ್ರಯೋಗ ಅಲ್ಲಿಗೆ ನಿಂತಿತು.

ಇದುವರೆಗೆ ಸುಮಾರು 30 ಕಾದಂಬರಿಗಳು ಮುಗಿದಿವೆ; ಹನ್ನೊಂದರಲ್ಲಿ ಕೊಲೆಗಾರನನ್ನು ಮೇಸನ್‌ಗಿಂತ ಮೊದಲೇ ಹಿಡಿದೆ. ಕಳೆದ ವಾರವಂತೂ ನಾನು ಬರೆದಿಟ್ಟ ಎರಡನೆಯ ಪ್ರಶ್ನೆಯನ್ನೇ ಅವನೂ ಕೇಳಿದ. ಕೊಲೆಗಾರ ಮಾತ್ರ ನಾನು ಅಂದುಕೊಂಡವನಾಗಿರಲಿಲ್ಲ.