ಕಾರ್ನ್‌ವಾಲ್‌ನ ‘ಹೊಸಮನೆ’ಯವರನ್ನು ಹುಡುಕುವ ಬಗೆ

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಕೌಂಟಿಯಲ್ಲಿ ಚೆನೋವೆತ್ ಎಂಬ ಮನೆತನದ ಹೆಸರಿದೆ. ಆ ನಾಡಿನ ಹಳೆಯ ಕಾರ್ನಿಷ್ ಭಾಷೆಯಲ್ಲಿ ‘ಚೈ’ ಎಂದರೆ ಮನೆ, ‘ನೊವೆತ್’ ಎಂದರೆ ಹೊಸತು. ನಮ್ಮಲ್ಲಿ ಹಲವರ ಹೆಸರಿನ ಜೊತೆಗಿರುವ ‘ಹೊಸಮನೆ’ಗೂ ಅದಕ್ಕೂ ಅರ್ಥದಲ್ಲಿ ವ್ಯತ್ಯಾಸವಿಲ್ಲ. ಟ್ರೆ, ಪೊಲ್, ಪೆನ್ ಎಂದು ಆರಂಭವಾಗುವ ಹೆಸರುಗಳಿಂದಲೇ ಕಾರ್ನ್‌ವಾಲ್‌ನವರನ್ನು ಗುರುತಿಸಬಹುದು ಎಂಬ ಮಾತು ಅಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಟ್ರೆ ಎಂದರೆ ಒಕ್ಕಲು ನೆಲೆ, ಪೊಲ್ ಎಂದರೆ ಕೊಳ, ಪೆನ್ ಎಂದರೆ ತಲೆ ಅಥವಾ ತುದಿ. ಈ ಹೆಸರುಗಳಲ್ಲಿ ಹೆಚ್ಚಿನವು ಜಾಗದಿಂದ ಬಂದವು. ನಮ್ಮ ಎಲ್ಲ ಹೊಸಮನೆಯವರೂ ಹೇಗೆ ಒಂದೇ ಮೂಲದವರಲ್ಲವೋ ಹಾಗೆಯೇ ಎಲ್ಲ ಚೆನೋವೆತ್‌ಗಳೂ ಒಂದೇ ಬಳ್ಳಿಯ ಕಾಯಿಗಳಲ್ಲ. ಹೊಸ ಮನೆಯೊಂದು ಎದ್ದ ಕಡೆಯಲ್ಲೆಲ್ಲ ಈ ಹೆಸರು ಬೇರೆಯಾಗಿ ಹುಟ್ಟಿರಬಹುದು. ವಂಶದ ಹುಡುಕಾಟಕ್ಕೆ ಕೈಹಾಕುವವರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇದನ್ನೇ. ಹೆಸರಿನ ಹಿಂದೆ ಹೋದವರು ದಾರಿ ತಪ್ಪುತ್ತಾರೆ. ಒಂದು ಮನೆಯ ಹಿಂದೆ ಹೋಗಬೇಕು.

ಕನ್ನಡದ ಓದುಗರಿಗೆ ಈ ಕೌಂಟಿ ತೀರ ಅಪರಿಚಿತವಲ್ಲ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಕೋಲಾರದ ಚಿನ್ನದ ಗಣಿಗಳ ಕೆಲಸವನ್ನು ನಡೆಸತೊಡಗಿದಾಗ, ಆಳದ ಗಣಿಯ ಕಸುಬನ್ನು ತಲೆಮಾರುಗಳಿಂದ ಬಲ್ಲ ಕಾರ್ನ್‌ವಾಲ್‌ನ ಗಣಿಗಾರರು ಅಲ್ಲಿಗೆ ಬಂದರು. ಕೆಜಿಎಫ್‌ನ ಹಳೆಯ ಕುಟುಂಬಗಳಲ್ಲಿ ಯಾರಿಗಾದರೂ ಅಂಥ ಪೂರ್ವಜರಿದ್ದರೆ, ಅವರ ಬೇರು ಹುಡುಕಲು ಹತ್ತೊಂಬತ್ತನೆಯ ಶತಮಾನದ ಅಲ್ಲಿನ ಜನಗಣತಿ ಮತ್ತು ಮದುವೆಯ ದಾಖಲೆಗಳನ್ನು ಓದಲು ಕಲಿಯಬೇಕು.

ಗೊತ್ತಿರುವಲ್ಲಿಂದ ಹಿಂದಕ್ಕೆ

ಹುಡುಕಾಟವನ್ನು ನಿಮಗೆ ಖಚಿತವಾಗಿ ಗೊತ್ತಿರುವ ಕೊನೆಯ ವ್ಯಕ್ತಿಯಿಂದ ಆರಂಭಿಸಿ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. ಹಳೆಯ ಕಾಲದ ಒಬ್ಬ ಪ್ರಸಿದ್ಧನನ್ನು ಮೊದಲು ಆರಿಸಿಕೊಂಡು, ಅವನಿಂದ ನಿಮ್ಮವರೆಗೆ ಇಳಿದು ಬರುವ ಆಸೆ ಎಲ್ಲರಿಗೂ ಆಗುತ್ತದೆ. ಹಾಗೆ ಕಟ್ಟಿದ ವಂಶವೃಕ್ಷಗಳಲ್ಲಿ ನಡುವಿನ ಒಂದು ಕೊಂಡಿ ಬಹುಮಟ್ಟಿಗೆ ಊಹೆಯದೇ ಆಗಿರುತ್ತದೆ.

ಕಾಗದದ ಮೇಲೆ ಮೊದಲು ಬರೆದುಕೊಳ್ಳಬೇಕಾದದ್ದು ಹೆಸರಿನ ಬೇರೆ ಬೇರೆ ಕಾಗುಣಿತಗಳನ್ನು. ಓದುಬರಹ ಬಾರದ ಗಣಿಗಾರನು ತನ್ನ ಹೆಸರನ್ನು ಹೇಳಿದಾಗ ಪಾದ್ರಿಯೋ ಗಣತಿದಾರನೋ ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡನು. ಹೀಗಾಗಿ ಒಂದೇ ಮನೆಯವರು ಒಂದು ಕಡೆ ಚೆನೋವೆತ್, ಇನ್ನೊಂದು ಕಡೆ ಚೈನೋವೆತ್, ಮತ್ತೊಂದು ಕಡೆ ಚಿನೋವಿತ್ ಆಗಿರುತ್ತಾರೆ. ಅಂತರ್ಜಾಲದ ಹೆಚ್ಚಿನ ದಾಖಲೆ ಭಂಡಾರಗಳಲ್ಲಿ ಅನುಮಾನವಿರುವ ಅಕ್ಷರದ ಬದಲಿಗೆ ನಕ್ಷತ್ರದ ಚಿಹ್ನೆಯನ್ನು ಹಾಕಿ ಹುಡುಕುವ ಸೌಲಭ್ಯವಿರುತ್ತದೆ. ಅದನ್ನು ಧಾರಾಳವಾಗಿ ಬಳಸಿಕೊಳ್ಳಿ. ಅಲ್ಲಿಯೂ ಸಿಗದಿದ್ದರೆ ಮನೆತನದ ಹೆಸರನ್ನು ಪೂರ್ತಿ ಬಿಟ್ಟು, ಊರು, ವಯಸ್ಸು ಮತ್ತು ಮಕ್ಕಳ ಹೆಸರುಗಳನ್ನಷ್ಟೇ ಕೊಟ್ಟು ಹುಡುಕಿ ನೋಡಿ.

ಗಣತಿಯ ಹಾಳೆಯನ್ನು ಓದುವುದು

ಇಂಗ್ಲೆಂಡಿನಲ್ಲಿ ಜನಗಣತಿ, ಅಂದರೆ ನಮ್ಮ ಹಳಬರು ಖಾನೇಷುಮಾರಿ ಎನ್ನುತ್ತಿದ್ದ ಲೆಕ್ಕ, 1801ರಿಂದ, 1941ನ್ನು ಬಿಟ್ಟು, ಹತ್ತು ವರ್ಷಕ್ಕೊಮ್ಮೆ ನಡೆದಿದೆ. ಆದರೆ ದೇಶದಾದ್ಯಂತ ಪ್ರತಿಯೊಬ್ಬರ ಹೆಸರನ್ನೂ ಬರೆದಿಟ್ಟುಕೊಂಡ ಮೊದಲ ಗಣತಿ 1841ರದು. ಒಂದು ನಿರ್ದಿಷ್ಟ ರಾತ್ರಿ ಮನೆಯಲ್ಲಿ ಯಾರು ತಂಗಿದ್ದರೋ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮ ಅದು. ಆ ದಿನಾಂಕಗಳನ್ನು ಮೇಜಿನ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು: 1841ರ ಜೂನ್ 6, 1851ರ ಮಾರ್ಚ್ 30, 1861ರ ಏಪ್ರಿಲ್ 7, 1871ರ ಏಪ್ರಿಲ್ 2, 1881ರ ಏಪ್ರಿಲ್ 3, 1891ರ ಏಪ್ರಿಲ್ 5, 1901ರ ಮಾರ್ಚ್ 31. ಇವು ಏಕೆ ಬೇಕೆಂದರೆ, 1851ರ ಗಣತಿಯಲ್ಲಿ 30 ವರ್ಷ ಎಂದು ಬರೆದಿರುವ ವ್ಯಕ್ತಿ 1821ರಲ್ಲೇ ಹುಟ್ಟಿರಬೇಕೆಂದಿಲ್ಲ. 1820ರ ಮಾರ್ಚ್ 31ರಿಂದ 1821ರ ಮಾರ್ಚ್ 30ರ ನಡುವೆ ಯಾವಾಗ ಬೇಕಾದರೂ ಹುಟ್ಟಿರಬಹುದು, ಅದೂ ಹೇಳಿದ ವಯಸ್ಸು ನಿಜವಾಗಿದ್ದರೆ.

1841ರ ಹಾಳೆಗಳು ಪೆನ್ಸಿಲ್ಲಿನಲ್ಲಿ ಬರೆದವು, ಓದಲು ಕಷ್ಟ, ಮಾಹಿತಿಯೂ ಕಡಿಮೆ. ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂದು ಗಣತಿದಾರರಿಗೆ ಸೂಚನೆಯಿತ್ತು. ಹಾಗಾಗಿ 30 ಎಂದು ಇದ್ದವನ ನಿಜವಾದ ವಯಸ್ಸು 34ರವರೆಗೂ ಇರಬಹುದು. ಎಲ್ಲರೂ ಆ ಸೂಚನೆಯನ್ನು ಪಾಲಿಸಲಿಲ್ಲವಾದ್ದರಿಂದ 33 ಎಂದು ಬರೆದದ್ದೂ ಸಿಗುತ್ತದೆ. ಯಾರಿಗೆ ಯಾರು ಏನಾಗಬೇಕು ಎಂಬುದು ಅದರಲ್ಲಿಲ್ಲ. ಹುಟ್ಟಿದ ಊರೂ ಇಲ್ಲ. ಇದೇ ಕೌಂಟಿಯಲ್ಲಿ ಹುಟ್ಟಿದ್ದು ಹೌದೇ ಅಲ್ಲವೇ ಎಂಬುದಷ್ಟೇ ಇದೆ. ಹೆಸರುಗಳ ಪಕ್ಕದಲ್ಲಿರುವ ಸಣ್ಣ ಓರೆಗೆರೆಗಳನ್ನು ಮಾತ್ರ ಕಡೆಗಣಿಸಬೇಡಿ: ಒಂದು ಗೆರೆ ಇದ್ದರೆ ಅದೇ ಕಟ್ಟಡದಲ್ಲಿ ಬೇರೆ ಕುಟುಂಬ ಆರಂಭವಾಯಿತೆಂದೂ ಎರಡು ಗೆರೆ ಇದ್ದರೆ ಬೇರೆ ಮನೆಯೇ ಆರಂಭವಾಯಿತೆಂದೂ ಅರ್ಥ. ಒಂದೇ ಸೂರಿನಡಿ ಇದ್ದ ನಲವತ್ತರ ಗಂಡಸು, ನಲವತ್ತರ ಹೆಂಗಸು ಮತ್ತು ನಾಲ್ಕು ಮಕ್ಕಳನ್ನು ಕಂಡ ಕೂಡಲೇ ಗಂಡಹೆಂಡತಿ ಮತ್ತು ಮಕ್ಕಳು ಎಂದು ತೀರ್ಮಾನಿಸುವುದು ತಪ್ಪು. ಅವರು ಅಣ್ಣ ಮತ್ತು ವಿಧವೆಯಾದ ತಂಗಿಯೂ ಇರಬಹುದು.

1851ರಿಂದ ಚಿತ್ರವೇ ಬದಲಾಗುತ್ತದೆ. ಮನೆಯ ಯಜಮಾನನಿಗೆ ಇರುವ ಸಂಬಂಧ, ಮದುವೆಯಾಗಿದೆಯೇ, ವಯಸ್ಸು, ಕಸುಬು, ಹುಟ್ಟಿದ ಪ್ಯಾರಿಷ್ (ಅಂದರೆ ಒಂದು ಚರ್ಚಿಗೆ ಸೇರಿದ ಊರು) ಮತ್ತು ಕೌಂಟಿ ಎಲ್ಲವೂ ದೊರೆಯುತ್ತವೆ. ಇಲ್ಲಿ ಅಪಾಯವಿರುವುದು ಸಂಬಂಧದ ಕಲಂನಲ್ಲಿ. ಇಂದು ಅಳಿಯ ಎಂಬ ಅರ್ಥದಲ್ಲಿ ಬಳಸುವ ‘ಸನ್ ಇನ್ ಲಾ’ ಎಂಬ ಮಾತನ್ನು ಆ ಕಾಲದವರು ಮಲಮಗನಿಗೂ ಬಳಸುತ್ತಿದ್ದರು. ಏಳು ವರ್ಷದ ಹುಡುಗನನ್ನು ಹಾಗೆ ಬರೆದಿದ್ದರೆ, ಯಜಮಾನನ ಹೆಂಡತಿಗೆ ಹಿಂದೊಂದು ಮದುವೆಯಾಗಿತ್ತು ಎಂಬ ಸುಳಿವು ಅದು. ಅಳಿಯನಿಗೂ ಮಲಮಗನಿಗೂ ಬೇರೆ ಬೇರೆ ಪದವಿರುವ ಕನ್ನಡದಲ್ಲಿ ಬೆಳೆದ ನಮಗೆ ಈ ಗೊಂದಲ ಸುಲಭಕ್ಕೆ ಹೊಳೆಯುವುದಿಲ್ಲ.

ನೀವು ನೋಡುವ ಹಾಳೆ ಮನೆಯವರು ತುಂಬಿದ ನಮೂನೆಯಲ್ಲ, ಅದನ್ನು ನೋಡಿ ಗಣತಿದಾರನು ಪುಸ್ತಕಕ್ಕೆ ಇಳಿಸಿದ ನಕಲು ಎಂಬುದನ್ನೂ ಮರೆಯಬಾರದು. ಆ ನಕಲನ್ನು ನೋಡಿ ಇಂದಿನವರು ಗಣಕಕ್ಕೆ ಹಾಕಿದ ಅಕ್ಷರಗಳಲ್ಲಿ ಮತ್ತೊಂದು ಸುತ್ತಿನ ತಪ್ಪುಗಳು ಸೇರಿರುತ್ತವೆ. ಆದ್ದರಿಂದ ಸೂಚಿಯಲ್ಲಿ ಸಿಕ್ಕ ಮೇಲೆ ಹಾಳೆಯ ಚಿತ್ರವನ್ನು ತೆರೆದು ನೋಡಲೇಬೇಕು, ಹಿಂದಿನ ಮುಂದಿನ ಪುಟಗಳನ್ನೂ ತಿರುವಬೇಕು. ಅಜ್ಜಿಯೋ ದೊಡ್ಡಪ್ಪನೋ ನಾಲ್ಕು ಮನೆ ಆಚೆ ಇರುವುದು ಸಾಮಾನ್ಯ. ಮೂಲ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಳ ಭಂಡಾರದ ಸ್ವತ್ತು. ಸ್ವಯಂಸೇವಕರು ಸಿದ್ಧಪಡಿಸಿರುವ ಫ್ರೀಸೆನ್ ಎಂಬ ಉಚಿತ ತಾಣದಲ್ಲಿ ಕಾರ್ನ್‌ವಾಲ್‌ನ ಗಣತಿಗಳ ಬಹುಭಾಗ ಸಿಗುತ್ತದೆ, ಫ್ಯಾಮಿಲಿಸರ್ಚ್ ತಾಣದಲ್ಲಿ 1881ರ ಇಡೀ ಗಣತಿಯ ಸೂಚಿ ಉಚಿತವಾಗಿದೆ.

ಮದುವೆಯ ದಾಖಲೆ ಎಂಬ ಕೀಲು

ಗಣತಿಯು ಹತ್ತು ವರ್ಷಕ್ಕೊಮ್ಮೆ ತೆಗೆದ ಒಂದೊಂದು ಚಿತ್ರದಂತೆ. ತಂದೆಯ ಮನೆಯಲ್ಲಿದ್ದ ಹುಡುಗನೇ ಮುಂದಿನ ಗಣತಿಯಲ್ಲಿ ತನ್ನದೇ ಮನೆಯ ಯಜಮಾನನಾಗಿದ್ದಾನೆ ಎಂದು ತೋರಿಸಿಕೊಡುವುದು ಮದುವೆಯ ದಾಖಲೆ ಮಾತ್ರ. 1837ರ ಜುಲೈ 1ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ ಜಾರಿಗೆ ಬಂದಾಗಿನಿಂದ ಪ್ರತಿ ಮದುವೆಯ ದಾಖಲೆಯಲ್ಲಿ ವಧೂವರರ ಹೆಸರು, ವಯಸ್ಸು, ಕಸುಬು, ವಾಸಸ್ಥಳಗಳ ಜೊತೆಗೆ ಇಬ್ಬರ ತಂದೆಯರ ಹೆಸರು ಮತ್ತು ಕಸುಬುಗಳನ್ನು ಬರೆಯುವ ಕಲಂಗಳು ಬಂದವು. ಅದಕ್ಕೂ ಹಿಂದೆ, 1754ರಿಂದ, ಚರ್ಚಿನ ಮದುವೆ ಪುಸ್ತಕದಲ್ಲಿ ವಧೂವರರ ಮತ್ತು ಸಾಕ್ಷಿಗಳ ಸಹಿ ಸಿಗುತ್ತದೆಯೇ ಹೊರತು ತಂದೆಯ ಹೆಸರಿಗೆ ಜಾಗವಿರಲಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 1881ರ ಗಣತಿಯಲ್ಲಿ, ಕಾರ್ನ್‌ವಾಲ್‌ನ ಗಣಿ ಪಟ್ಟಣವಾದ ರೆಡ್ರುತ್ ಸುತ್ತಿನ ಒಂದು ಪ್ಯಾರಿಷ್‌ನಲ್ಲಿ, 38 ವರ್ಷದ ವಿಲಿಯಂ ಚೆನೋವೆತ್ ಎಂಬ ತವರದ ಗಣಿಗಾರ, ಹೆಂಡತಿ ಗ್ರೇಸ್, ಹನ್ನೆರಡು ವರ್ಷದ ಹಿರಿಯ ಮಗಳು ಇದ್ದಾರೆ ಎನ್ನಿ. ಮದುವೆ 1868ರ ಆಸುಪಾಸಿನಲ್ಲಿ ಆಗಿರಬಹುದು. ಫ್ರೀಬಿಎಂಡಿ ಎಂಬ ಉಚಿತ ತಾಣದಲ್ಲಿರುವ ಸರ್ಕಾರಿ ನೋಂದಣಿ ಸೂಚಿಯಲ್ಲಿ ರೆಡ್ರುತ್ ಜಿಲ್ಲೆಯನ್ನು ಆರಿಸಿ 1863ರಿಂದ 1869ರವರೆಗೆ ಹುಡುಕಬೇಕು. ಸೂಚಿಯು ಮೂರು ತಿಂಗಳಿಗೊಂದರಂತೆ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಎಂದು ವಿಭಾಗವಾಗಿದೆ. ಆ ಕಾಲದ ಮದುವೆ ಸೂಚಿಯಲ್ಲಿ ಯಾರನ್ನು ಯಾರು ಮದುವೆಯಾದರು ಎಂದು ಹೇಳಿಲ್ಲ. ಸಂಪುಟ ಮತ್ತು ಪುಟದ ಸಂಖ್ಯೆ ಮಾತ್ರ ಇದೆ. ವಿಲಿಯಂ ಇರುವ ಪುಟದಲ್ಲೇ ಒಬ್ಬ ಗ್ರೇಸ್ ಕೂಡ ಇದ್ದರೆ ಅವಳು ಅವನ ವಧುವಾಗಿರುವ ಸಾಧ್ಯತೆ ಹೆಚ್ಚು. ಆದರೆ ಒಂದು ಪುಟದಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳಿರುತ್ತವೆ, ಇದಿನ್ನೂ ಖಚಿತವಲ್ಲ.

ಖಚಿತಪಡಿಸಿಕೊಳ್ಳಲು ಇನ್ನೊಂದು ದಾರಿಯಿದೆ. ಇಂಗ್ಲೆಂಡಿನ ನೋಂದಣಿಯ ಕೇಂದ್ರ ಕಚೇರಿಯಾದ ಜನರಲ್ ರಿಜಿಸ್ಟರ್ ಆಫೀಸ್ ತನ್ನ ತಾಣದಲ್ಲಿ ಇಟ್ಟಿರುವ ಹೊಸ ಜನನ ಸೂಚಿಯಲ್ಲಿ 1837ರಿಂದಲೂ ತಾಯಿಯ ತವರುಮನೆಯ ಹೆಸರು ಸಿಗುತ್ತದೆ. ಹಿರಿಯ ಮಗಳ ಜನನವನ್ನು ಅಲ್ಲಿ ಹುಡುಕಿದರೆ ಗ್ರೇಸಳ ತವರಿನ ಹೆಸರು ಗೊತ್ತಾಗುತ್ತದೆ, ಅದು ಮದುವೆ ಪುಟದ ಗ್ರೇಸಳ ಹೆಸರಿಗೆ ತಾಳೆಯಾದರೆ ಹೆಜ್ಜೆ ಗಟ್ಟಿಯಾಯಿತು. ಆಮೇಲೆ ಮದುವೆಯ ಪೂರ್ಣ ದಾಖಲೆಯನ್ನು ತರಿಸಿಕೊಳ್ಳಿ. ಮದುವೆ ಚರ್ಚಿನಲ್ಲಿ ಆಗಿದ್ದರೆ ಅದೇ ವಿವರ ಪ್ಯಾರಿಷ್ ಪುಸ್ತಕದಲ್ಲಿಯೂ ಇರುತ್ತದೆ. ಕಾರ್ನ್‌ವಾಲ್‌ನ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್‌ಗಳು ಎಂಬ ಸ್ವಯಂಸೇವಕರು ಅಂಥ ಅಸಂಖ್ಯ ನಮೂದುಗಳನ್ನು ಉಚಿತವಾಗಿ ಒದಗಿಸಿದ್ದಾರೆ. ಇಷ್ಟು ದೊಡ್ಡ ಉಪಕಾರವನ್ನು ಹೆಸರಿಲ್ಲದೆ ಮಾಡಿದ ಆ ಜನರ ಬಗ್ಗೆ ನನಗೆ ಅಪಾರ ಗೌರವವಿದೆ.

ದಾಖಲೆಯಲ್ಲಿ ವಿಲಿಯಂನ ತಂದೆ ಜಾನ್, ತಾಮ್ರದ ಗಣಿಗಾರ ಎಂದಿದ್ದರೆ, 1851ರ ಗಣತಿಯಲ್ಲಿ ಅದೇ ಕಸುಬಿನ ಜಾನ್‌ನ ಮನೆಯಲ್ಲಿ ಎಂಟು ವರ್ಷದ ವಿಲಿಯಂನನ್ನು ಹುಡುಕಬೇಕು, ಹುಟ್ಟಿದ ಪ್ಯಾರಿಷ್ 1881ರಲ್ಲಿ ಹೇಳಿದ್ದಕ್ಕೆ ಹೊಂದಬೇಕು. 1841ರಲ್ಲಿ ವಿಲಿಯಂ ಇನ್ನೂ ಹುಟ್ಟಿರಲಿಲ್ಲ. ಅಲ್ಲಿ ಜಾನ್‌ನನ್ನಷ್ಟೇ ನೋಡಬೇಕು. ಮದುವೆಯ ದಾಖಲೆಯ ವಯಸ್ಸಿನ ಕಲಂನಲ್ಲಿ ಸಂಖ್ಯೆಯ ಬದಲು ‘ಪೂರ್ಣ ವಯಸ್ಸು’ ಎಂದಿದ್ದರೆ 21 ತುಂಬಿದೆ ಎಂಬುದಷ್ಟೇ ಅದರ ಅರ್ಥ. ತಂದೆ ತೀರಿಕೊಂಡಿದ್ದರೆ ಕೆಲವು ಪಾದ್ರಿಗಳು ಹಾಗೆಂದು ಬರೆದರು, ಕೆಲವರು ಬರೆಯಲಿಲ್ಲ. ಬರೆದಿಲ್ಲವೆಂದು ಬದುಕಿದ್ದನೆಂದು ತಿಳಿಯಬಾರದು.

ನನ್ನ ಮಟ್ಟಿಗೆ ಮದುವೆಯ ದಾಖಲೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು, ಹೆಚ್ಚಿನವರು ಕಣ್ಣಾಡಿಸದೆ ಬಿಡುವ ಸಾಕ್ಷಿಗಳ ಸಾಲು. ಅಣ್ಣ, ತಂಗಿ, ಭಾವ ಬಂದು ನಿಂತಿರುವುದು ಅಲ್ಲಿಯೇ. ನಮ್ಮಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಂತೆ ಅಕ್ಷರ ಬಾರದವರು ಅಲ್ಲಿ ಒಂದು ಅಡ್ಡಗುರುತು ಹಾಕುತ್ತಿದ್ದರು. ಕೇಂದ್ರ ಕಚೇರಿಯಿಂದ ಬರುವ ಪ್ರತಿ ನಕಲಾದ್ದರಿಂದ ಆ ಕೈಬರಹವನ್ನು ಕಣ್ಣಾರೆ ನೋಡಬೇಕಾದರೆ ಚರ್ಚಿನ ಮೂಲ ಪುಸ್ತಕಕ್ಕೇ ಹೋಗಬೇಕು. ಕಾರ್ನ್‌ವಾಲ್‌ನ ಅಂಥ ಪುಸ್ತಕಗಳು ಈಗ ರೆಡ್ರುತ್‌ನಲ್ಲಿ 2019ರಲ್ಲಿ ತೆರೆದ ಕ್ರೆಸೆನ್ ಕೆರ್ನೊವ್ ಎಂಬ ದಾಖಲಾಗಾರದಲ್ಲಿವೆ.

1837ಕ್ಕಿಂತ ಹಿಂದಕ್ಕೆ ಹೋಗುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಗಣಿಗಾರರಲ್ಲಿ ಬಹುಪಾಲು ಜನ ಮೆಥಡಿಸ್ಟ್ ಪಂಥದವರು, ಮಕ್ಕಳ ದೀಕ್ಷಾಸ್ನಾನ ತಮ್ಮ ಪ್ರಾರ್ಥನಾಮಂದಿರದಲ್ಲಿ ಆಗಿರಬಹುದು. ಆದರೆ ಕ್ವೇಕರರು ಮತ್ತು ಯಹೂದಿಗಳನ್ನು ಬಿಟ್ಟರೆ ಉಳಿದವರೆಲ್ಲ ಕಾನೂನಿನಂತೆ ಇಂಗ್ಲೆಂಡಿನ ಅಧಿಕೃತ ಚರ್ಚಾದ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. ಮದುವೆ ವಾಡಿಕೆಯಂತೆ ವಧುವಿನ ಪ್ಯಾರಿಷ್‌ನಲ್ಲಿ ನಡೆಯುತ್ತಿದ್ದುದರಿಂದ ವರನ ಊರಿನಲ್ಲಿ ಸಿಗದಿದ್ದರೆ ಪಕ್ಕದ ಊರುಗಳಲ್ಲಿ ಹುಡುಕಿ.

ಒಂದೇ ಹೆಸರಿನ ಐವರು

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಅಲ್ಲೂ ಇತ್ತು. ಅದರಿಂದಾಗಿ ಒಂದೇ ಪ್ಯಾರಿಷ್‌ನಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸಿನ ನಾಲ್ಕೈದು ಮಂದಿ ವಿಲಿಯಂ ಚೆನೋವೆತ್‌ಗಳು ಎದುರಾಗಬಹುದು. ಆಗ ನಿಮಗೆ ಬೇಕಾದವನನ್ನು ಮಾತ್ರ ಹುಡುಕುತ್ತ ಕುಳಿತರೆ ಪ್ರಯೋಜನವಿಲ್ಲ. ಐವರನ್ನೂ ಪಟ್ಟಿ ಮಾಡಿ, ಪ್ರತಿಯೊಬ್ಬನ ಗಣತಿ, ಮದುವೆ, ಸಮಾಧಿಯ ನಮೂದುಗಳನ್ನು ಒಂದೊಂದು ಹಾಳೆಯಲ್ಲಿ ಬರೆಯಿರಿ. ಒಬ್ಬ ಎರಡು ವರ್ಷದವನಿದ್ದಾಗಲೇ ತೀರಿಕೊಂಡ, ಇನ್ನೊಬ್ಬನ ಹೆಂಡತಿ ಬೇರೆ, ಮತ್ತೊಬ್ಬ ಬಡಗಿ, ಹೀಗೆ ಒಬ್ಬೊಬ್ಬರನ್ನೇ ಕಾರಣಸಹಿತವಾಗಿ ತೆಗೆದುಹಾಕಿದ ಮೇಲೆ ಉಳಿದವನು ನಿಮ್ಮವನು. ಇಬ್ಬರು ಉಳಿದರೆ ಇಬ್ಬರನ್ನೂ ಹಾಗೆಯೇ ಬಿಡಬೇಕು, ಇಷ್ಟವಾದವನನ್ನು ಆರಿಸಿಕೊಳ್ಳಬಾರದು.

ಕಡಲಾಚೆ ಹೋದವನು

1866ರಲ್ಲಿ ತಾಮ್ರದ ಬೆಲೆ ಕುಸಿದ ಮೇಲೆ ಕಾರ್ನ್‌ವಾಲ್‌ನ ಗಣಿಗಳು ಸಾಲಾಗಿ ಮುಚ್ಚಿ, ಗಂಡಸರು ದಕ್ಷಿಣ ಆಸ್ಟ್ರೇಲಿಯದ ಮೂಂಟಾ, ಅಮೆರಿಕದ ಮಿಷಿಗನ್, ಮೆಕ್ಸಿಕೊಗಳಿಗೆ ಚದುರಿದರು. ಗಣತಿಯ ಹಾಳೆಯಲ್ಲಿ ಮದುವೆಯಾದ ಹೆಂಗಸು ತಾನೇ ಯಜಮಾನಿ ಎಂದಿದ್ದರೆ, ಅಥವಾ ಯಜಮಾನನೇ ಇಲ್ಲದ ಮನೆಯಲ್ಲಿ ‘ಗಣಿಗಾರನ ಹೆಂಡತಿ’ ಎಂದಿದ್ದರೆ, ಗಂಡ ಸತ್ತನೆಂದು ಭಾವಿಸದೆ ಅವನನ್ನು ಪರದೇಶದ ದಾಖಲೆಗಳಲ್ಲಿ ಹುಡುಕಬೇಕು.

ಕೆಜಿಎಫ್‌ಗೆ ಬಂದವನನ್ನು ನಮ್ಮ ಜನಗಣತಿಯಲ್ಲಿ ಹುಡುಕಲಾಗದು. ಮೈಸೂರು ಸಂಸ್ಥಾನದಲ್ಲಿ 1871ರಿಂದ ಗಣತಿ ನಡೆದಿದ್ದರೂ ಮನೆಮನೆಯ ಹೆಸರಿದ್ದ ಹಾಳೆಗಳನ್ನು ಲೆಕ್ಕ ಮುಗಿದ ಮೇಲೆ ಉಳಿಸಿಕೊಳ್ಳಲಿಲ್ಲ. ಇಲ್ಲಿ ನೆರವಾಗುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ, ಅಂದು ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿನ ಚರ್ಚ್ ದಾಖಲೆಗಳು. ಬೆಂಗಳೂರು, ಮೈಸೂರು ಸೀಮೆಯ ನಮೂದುಗಳನ್ನು ಸಾಮಾನ್ಯವಾಗಿ ಮದ್ರಾಸ್ ಪ್ರಾಂತ್ಯದ ಸಂಪುಟಗಳಲ್ಲಿ ನೋಡಬೇಕು. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಸಂಘವಾದ ಫಿಬಿಸ್‌ನ ಉಚಿತ ಸೂಚಿಯಲ್ಲಿ ಮೊದಲು ಹೆಸರನ್ನು ಹಾಕಿ ನೋಡುವುದು ಸುಲಭ. ಇಲ್ಲಿ ಆದ ಮದುವೆಯ ನಮೂದಿನಲ್ಲಿ ವರನ ತಂದೆಯ ಹೆಸರು ಸಿಕ್ಕರೆ, ಅದನ್ನೂ ಮದುವೆಯ ದಿನದ ವಯಸ್ಸನ್ನೂ ಕೈಯಲ್ಲಿ ಹಿಡಿದು 1881 ಮತ್ತು 1871ರ ಕಾರ್ನ್‌ವಾಲ್ ಗಣತಿಗೆ ಮರಳಿ, ಆ ತಂದೆಯ ಮನೆಯಲ್ಲಿ ಆ ಲೆಕ್ಕಕ್ಕೆ ಹೊಂದುವ ವಯಸ್ಸಿನ ಮಗನಿದ್ದಾನೆಯೇ ಎಂದು ನೋಡಿ.