ಬುಡಕಟ್ಟು ಸಂಸ್ಕೃತಿಯ ಮ್ಯೂಸಿಯಂ ನೋಡುವುದು ಹೇಗೆ?

ಹೊರಡುವ ಮೊದಲು ರಜೆ ಯಾವತ್ತು ಅಂತ ನೋಡಿಕೊಳ್ಳಿ. ಬಹಳಷ್ಟು ಮ್ಯೂಸಿಯಂಗಳು ಸೋಮವಾರ ಬಾಗಿಲು ಹಾಕಿರುತ್ತವೆ. ಭೋಪಾಲದ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯಕ್ಕೂ ಅವತ್ತೇ ರಜೆ, ಮೆಕ್ಸಿಕೋ ಸಿಟಿಯ ಮಾನವಶಾಸ್ತ್ರ ಮ್ಯೂಸಿಯಂಗೂ ಅವತ್ತೇ.

ಒಳಗೆ ಹೋದ ಮೇಲೆ ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ಬೇಗ ಒಂದು ಸುತ್ತು ಹಾಕಿ. ಆಮೇಲೆ ಮನಸ್ಸಿಗೆ ಹಿಡಿಸಿದ ಎರಡು ಮೂರು ಕೋಣೆಗಳಿಗೆ ಮಾತ್ರ ವಾಪಸ್ ಬನ್ನಿ. ಒಂದು ಬುಟ್ಟಿಯ ಮುಂದೆ ಸುಮ್ನೆ ಹತ್ತು ನಿಮಿಷ ನಿಂತು, ಹಿಡಿ ಯಾವ ಕಡೆ ಸವೆದಿದೆ, ಎಲ್ಲಿ ಹರಿದು ಮತ್ತೆ ಹೆಣೆದಿದ್ದಾರೆ, ಹೊಗೆ ಹಿಡಿದು ಎಷ್ಟು ಕಪ್ಪಾಗಿದೆ ಅಂತ ನೋಡಿದರೆ, ಅದು ಯಾರೋ ದಿನಾ ಬಳಸುತ್ತಿದ್ದ ಬುಟ್ಟಿ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಪಕ್ಕದ ಫಲಕವನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ. ಯಾವ ಸಮುದಾಯ, ಏನಕ್ಕೆ ಬಳಸುತ್ತಿದ್ದರು ಅಂತ ಬರೆದಿರುತ್ತಾರೆ. ಇಲ್ಲಿಗೆ ಹೇಗೆ ಬಂತು ಅನ್ನುವುದು ಎಷ್ಟೋ ಸಲ ಇರುವುದಿಲ್ಲ. ವಸ್ತು ಕೈಗೆ ಸಿಕ್ಕ ವರ್ಷ ಹಾಕಿದ್ದರೆ, ಆ ವರ್ಷ ಆ ಊರಲ್ಲಿ ಏನಾಯಿತು ಅಂತ ಫೋನಲ್ಲಿ ಹುಡುಕಿ. ಬೆನಿನ್ ಕಂಚು ಅಂತ ಹೆಸರಾದ ಶಿಲ್ಪಗಳ ಪಕ್ಕ 1897 ಅಂತ ಕಂಡರೆ, ಈಗಿನ ನೈಜೀರಿಯಾದಲ್ಲಿರುವ ಬೆನಿನ್ ಅರಮನೆಯನ್ನು ಬ್ರಿಟಿಷ್ ಸೈನ್ಯ ಲೂಟಿ ಮಾಡಿದ್ದು ಅದೇ ವರ್ಷ.

ಖಾಲಿ ಪೆಟ್ಟಿಗೆ, ಮುಚ್ಚಿದ ಕೋಣೆ ಕಂಡರೆ ಬೈದುಕೊಳ್ಳಬೇಡಿ, ಯಾಕೆ ಅಂತ ಕೇಳಿ. ಮೂಲನಿವಾಸಿಗಳ ಪವಿತ್ರ ವಸ್ತುಗಳನ್ನು ಪ್ರದರ್ಶನಕ್ಕೆ ಇಡುವ ಮೊದಲು ಅವರ ಒಪ್ಪಿಗೆ ಬೇಕು ಅಂತ ಅಮೆರಿಕದಲ್ಲಿ 2024ರ ಜನವರಿಯಲ್ಲಿ ಹೊಸ ನಿಯಮ ಬಂತು. ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ಮ್ಯೂಸಿಯಂ ಆಗಲೇ ಎರಡು ದೊಡ್ಡ ಹಾಲ್‌ಗಳನ್ನು ಮುಚ್ಚಿತು. ನನ್ನ ಪ್ರಕಾರ ಅದು ಸರಿಯಾದ ಕೆಲಸ.

ಇನ್ನೊಂದು ವಿಷಯ. ಈ ಜನ ಎಲ್ಲರೂ ಹಿಂದೆ ಇದ್ದವರು, ಈಗಿಲ್ಲ ಅನ್ನುವ ಹಾಗೆ ತೋರಿಸುವ ಮ್ಯೂಸಿಯಂಗಳು ಜಾಸ್ತಿ. ಈಗಿನವರ ವಿಭಾಗ ಎಲ್ಲಿದೆ ಅಂತ ಹುಡುಕಿಕೊಂಡು ಹೋಗಿ. ಮೆಕ್ಸಿಕೋದಲ್ಲಿ ಕೆಳಗೆ ಪ್ರಾಚೀನ ಕಲ್ಲುಗಳು, ಮೇಲಿನ ಮಹಡಿಯಲ್ಲಿ ಇವತ್ತಿನ ಮೂಲನಿವಾಸಿಗಳ ಬದುಕು. ಕೆಳಗೇ ಕಾಲು ನೋಯಿಸಿಕೊಂಡರೆ ಮೇಲೆ ಹತ್ತಲು ಆಗಲ್ಲ, ಅದಕ್ಕೇ ಮೇಲಿನಿಂದಲೇ ಶುರು ಮಾಡಿ. ಭೋಪಾಲದಲ್ಲಿ ಬೇರೆ ಬೇರೆ ಬುಡಕಟ್ಟಿನವರೇ ಬಂದು ಕಟ್ಟಿದ ಮನೆಗಳು ಬಯಲಲ್ಲಿವೆ. ತುಂಬಾ ನಡೆಯಬೇಕು, ಒಳ್ಳೆ ಚಪ್ಪಲಿ ಹಾಕಿಕೊಳ್ಳಿ.

ಕೋಣೆ ಕತ್ತಲು ಅಂತ ಗೊಣಗುವವರು ಇರುತ್ತಾರೆ. ಬಟ್ಟೆ, ಗರಿ, ಬಣ್ಣ ಬೆಳಕಿಗೆ ಮಾಸುತ್ತವೆ, ಹಾಗಾಗಿ ಅಲ್ಲಿ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕನ್ನಷ್ಟೇ ಇಡುವುದು ರೂಢಿ. ಒಂದೆರಡು ನಿಮಿಷ ತಡೆಯಿರಿ, ಕಣ್ಣು ಒಗ್ಗುತ್ತದೆ. ಫ್ಲ್ಯಾಶ್ ಆಫ್ ಮಾಡಿ. ಹಳೆಯ ವಸ್ತುಗಳನ್ನು ಮುಟ್ಟಲೇಬೇಡಿ, ಹುಳ ಹಿಡಿಯಬಾರದು ಅಂತ ಹಿಂದೆ ಎಷ್ಟೋ ಕಡೆ ಆರ್ಸೆನಿಕ್ ಹಚ್ಚುತ್ತಿದ್ದರು, ಅದು ವಿಷ.

ಕುಶಲಕರ್ಮಿಗಳು ಕೂತು ಕೆಲಸ ಮಾಡುತ್ತಿದ್ದರೆ ಮೊದಲು ಮಾತಾಡಿಸಿ, ಫೋಟೋ ಆಮೇಲೆ, ಅದೂ ಕೇಳಿಕೊಂಡು. ಅಂಗಡಿಯಲ್ಲಿ ಏನಾದರೂ ಕೊಳ್ಳುವುದಾದರೆ ಮಾಡಿದವರ ಹೆಸರೋ ಊರೋ ಇರುವುದನ್ನೇ ಆರಿಸಿ.